ಮನೆ-ಮಕ್ಕಳು: ಮೊದಲು ಮಗು, ಆಮೇಲೆ ಮೀನು



ಹೋದ ಸಂಚಿಕೆಯಲ್ಲಿ ಮಕ್ಕಳ ಮನೆಪಾಠದ ವಿಚಾರ ಬರೆದಿದ್ದೆ. ಈ ಸಲ ಪುಸ್ತಕ ಮುಚ್ಚಿಟ್ಟು ಸಮುದ್ರದ ದಡಕ್ಕೆ ಹೋಗೋಣ. ಹೇಳಹೊರಟಿರುವುದು ನಮ್ಮ ಮನೆಯದೇ ಕಥೆ. ಅದರಲ್ಲಿ ಹೆಮ್ಮೆಪಡುವಂಥದ್ದು ಹೆಚ್ಚೇನೂ ಇಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಚಳಿಗಾಲ ಬಂತೆಂದರೆ ನಮ್ಮಲ್ಲಿ ಹಲವು ಸಂಸಾರಗಳು ಬುತ್ತಿ ಕಟ್ಟಿಕೊಂಡು, ಗಾಳ ಹಿಡಿದು, ಮಕ್ಕಳು ಮರಿಗಳೊಂದಿಗೆ ದಡಕ್ಕೆ ಹೊರಡುವುದು ವಾಡಿಕೆ.

ಕಥೆ ಶುರುವಾದದ್ದು ಒಂದು ಫೋಟೋದಿಂದ. ನನ್ನ ಶ್ರೀಮತಿಯ ತಮ್ಮ ಅಮೆರಿಕದ ಮಿನ್ನೆಸೋಟದಲ್ಲಿದ್ದಾನೆ. ಅಲ್ಲಿ ಚಳಿಗಾಲದಲ್ಲಿ ಸರೋವರಗಳು ಕಲ್ಲಿನ ಹಾಗೆ ಹೆಪ್ಪುಗಟ್ಟುತ್ತವೆ. ಜನ ಅದರ ಮೇಲೆ ನಡೆದುಹೋಗಿ, ಬೈರಿಗೆಯಿಂದ ತೂತು ಕೊರೆದು, ಗಾಳ ಇಳಿಬಿಟ್ಟು ಕೂರುತ್ತಾರೆ. ಅವನು ತನ್ನ ಮೂರು ವರ್ಷದ ಮಗನನ್ನು ಕಣ್ಣು ಮಾತ್ರ ಕಾಣುವಂತೆ ಹೊದಿಸಿ, ಅಂಥ ಒಂದು ತೂತಿನ ಪಕ್ಕ ಕೂರಿಸಿ ಫೋಟೋ ಕಳಿಸಿದ್ದ. ‘ಇದೇನು ಹುಚ್ಚು?’ ಎಂದು ಫೋನಿನಲ್ಲಿ ಗದರಿಸಿದೆ. ಅವನು ನಿಧಾನವಾಗಿ ಹೇಳಿದ: ‘ಭಾವ, ಕನಿಷ್ಠ ನಾಲ್ಕು ಅಂಗುಲ ಗಟ್ಟಿ ಮಂಜುಗಡ್ಡೆ ಇಲ್ಲದೆ ಅದರ ಮೇಲೆ ನಡೆಯಬಾರದು ಅಂತ ಇಲ್ಲಿನ ಸರ್ಕಾರದವರು ಹೇಳ್ತಾರೆ. ನಾನು ಮೊದಲು ಹೋಗಿ ಅಳೆದು ಬರ್ತೇನೆ. ಅಲ್ಲಿಯವರೆಗೆ ಮಗುವನ್ನು ಕಾರಿನಿಂದ ಇಳಿಸೋದಿಲ್ಲ.’

ಆ ಮಾತು ಅವತ್ತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ನಮ್ಮ ಮಗಳಿಗೆ ಆಗ ನಾಲ್ಕು ವರ್ಷ. ಫೋಟೋ ನೋಡಿದವಳೇ ‘ಅಪ್ಪಾ, ನಾವು ಯಾವಾಗ?’ ಎಂದು ಹಟ ಹಿಡಿದಳು. ಬಹ್ರೈನಿನಲ್ಲಿ ಐಸು ಇರುವುದು ಮೀನಿನ ಪೆಟ್ಟಿಗೆಯಲ್ಲಿ ಮಾತ್ರ. ಆದರೆ ಸಮುದ್ರಕ್ಕೇನು ಕೊರತೆ? ಜನವರಿಯ ಒಂದು ಶುಕ್ರವಾರ, ಮಿತ್ರರೊಬ್ಬರ ಸಂಸಾರವೂ ಸೇರಿ, ಅಸ್ಕರಿಗೆ ಹೊರಟೆವು.

ಅಸ್ಕರನ್ನು ನೋಡದವರಿಗಾಗಿ ಎರಡು ಮಾತು. ಅದು ದ್ವೀಪದ ಪೂರ್ವ ಕರಾವಳಿಯ ಹಳೆಯ ಹಳ್ಳಿ. ಸಿತ್ರಾ ದಾಟಿ, ಅಲ್ಬಾ ಅಲ್ಯೂಮಿನಿಯಂ ಕಾರ್ಖಾನೆಯ ಕಡೆಯಿಂದ ಜೌ ಹಳ್ಳಿಯತ್ತ ಹೋಗುವ ದಾರಿಯಲ್ಲಿ ಸಿಗುತ್ತದೆ. 1971ರಲ್ಲಿ ಅಲ್ಬಾದಲ್ಲಿ ಲೋಹ ಕರಗಿಸಲು ಶುರುಮಾಡುವುದಕ್ಕೆ ಎಷ್ಟೋ ಮೊದಲು, 1932ರಲ್ಲಿ ಈ ನಾಡಿನಲ್ಲಿ ಎಣ್ಣೆ ಸಿಕ್ಕುವುದಕ್ಕೂ ಮೊದಲು, ಇಂಥ ಹಳ್ಳಿಗಳ ಜನರನ್ನು ಸಾಕಿದ್ದು ಮೀನು ಮತ್ತು ಮುತ್ತು. ಇಲ್ಲಿನ ದಡ ನಮ್ಮ ಮಲ್ಪೆ, ಮರವಂತೆಗಳ ಹಾಗಲ್ಲ. ಅಬ್ಬರದ ತೆರೆಗಳಿಲ್ಲ. ಕೆರೆಯ ಹಾಗೆ ಶಾಂತ. ಇಳಿತದ ಹೊತ್ತಿಗೆ ನೀರು ಬಹುದೂರ ಹಿಂದೆ ಸರಿದು, ಮರಳು ಮತ್ತು ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ‘ಇಷ್ಟು ಸಾಧು ಸಮುದ್ರದಲ್ಲಿ ಮಗುವಿಗೆ ಏನಾದೀತು?’ ಎಂದುಕೊಂಡೆವು. ಮೋಸ ಹೋದದ್ದೇ ಅಲ್ಲಿ.

ಗಂಡಸರಿಬ್ಬರು ಗಾಳ ಹಾಕಿ ನಿಂತೆವು. ಹೆಂಗಸರು ಚಾಪೆ ಹಾಸಿ ಪುಳಿಯೋಗರೆಯ ಡಬ್ಬ ಬಿಚ್ಚಿದರು. ಮಗಳು ಪುಟ್ಟ ಬಕೆಟ್ಟು ಹಿಡಿದು ಏಡಿ ಮರಿಗಳನ್ನು ನೋಡುತ್ತ ಓಡಾಡುತ್ತಿದ್ದಳು. ಅಷ್ಟರಲ್ಲಿ ನನ್ನ ಗಾಳಕ್ಕೆ ಒಳ್ಳೆಯ ಶೇರಿ ಮೀನು ಕಚ್ಚಿತು. ಎಳೆ, ಬಿಡು, ಎಳೆ ಎಂಬ ಗದ್ದಲದಲ್ಲಿ ಹತ್ತು ನಿಮಿಷ ಕಳೆಯಿತು. ಮೀನು ಮೇಲೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಗಳಿಗೆ ತೋರಿಸೋಣವೆಂದು ತಿರುಗಿದೆ. ಮಗಳಿಲ್ಲ.

ಆ ಕ್ಷಣವನ್ನು ವರ್ಣಿಸಲಾರೆ. ಹೆಸರು ಹಿಡಿದು ಕೂಗುತ್ತ ನಾಲ್ಕೂ ದಿಕ್ಕಿಗೆ ಓಡಿದೆವು. ಕೊನೆಗೆ ಕಂಡದ್ದು ಇನ್ನೂರು ಹೆಜ್ಜೆ ದೂರದಲ್ಲಿ, ಒಂದು ಮರಳುದಿಬ್ಬದ ಮೇಲೆ ಕುಕ್ಕರುಗಾಲಿನಲ್ಲಿ ಕೂತ ಅವಳ ಹಳದಿ ಸ್ವೆಟರು. ಅವಳು ಹೋಗುವಾಗ ಒಣಗಿದ್ದ ದಾರಿಯಲ್ಲಿ ಈಗ ನೀರು ಹರಿಯುತ್ತಿತ್ತು. ಉಬ್ಬರ ಶುರುವಾದದ್ದು ನಮಗೆ ಯಾರಿಗೂ ಗೊತ್ತಾಗಿರಲಿಲ್ಲ. ನಾವು ಓಡುವಷ್ಟರಲ್ಲಿ, ದಡದಲ್ಲಿ ಮೀನಿನ ಬೋನು ದುರಸ್ತಿ ಮಾಡುತ್ತಿದ್ದ ಹಿರಿಯ ಬಹ್ರೈನಿ ಬೆಸ್ತರೊಬ್ಬರು ನೀರಿಗಿಳಿದಾಗಿತ್ತು. ಅವರ ಮೊಣಕಾಲಿನವರೆಗೆ ನೀರು. ನಾಲ್ಕು ವರ್ಷದ ಮಗುವಿಗೆ ಅದು ಸೊಂಟದ ಹತ್ತಿರ ಬರುವ ನೀರು. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಂದು ನನ್ನ ಕೈಗೆ ಕೊಟ್ಟರು. ಜೇಬಿನಿಂದ ಒಂದು ಖರ್ಜೂರ ತೆಗೆದು ಅವಳಿಗೆ ಕೊಟ್ಟರು. ನನಗೆ ಮಾತ್ರ ಮಾರುಕಟ್ಟೆಯ ಹಿಂದಿಯಲ್ಲಿ ಒಂದೇ ಮಾತು ಹೇಳಿದರು: ‘ಪೆಹಲೇ ಬಚ್ಚಾ. ಬಾದ್ ಮೇ ಮಚ್ಛಿ.’ ಮೊದಲು ಮಗು, ಆಮೇಲೆ ಮೀನು. ಬೈಗುಳದ ದನಿಯಲ್ಲ. ಅದಕ್ಕೇ ಹೆಚ್ಚು ನಾಟಿತು.

ಮನೆಗೆ ಹಿಂದಿರುಗುವಾಗ ಸಿತ್ರಾ ಬರುವವರೆಗೆ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಶ್ರೀಮತಿ ಮೆಲ್ಲಗೆ, ‘ನಾನು ಅವಳು ನಿಮ್ಮ ಹತ್ತಿರ ಇದ್ದಾಳೆ ಅಂದುಕೊಂಡೆ’ ಎಂದಳು. ‘ನಾನು ನಿನ್ನ ಹತ್ತಿರ ಅಂದುಕೊಂಡೆ’ ಎಂದೆ. ನಾಲ್ಕು ಜನ ದೊಡ್ಡವರು, ಒಂದು ಮಗು. ಎಲ್ಲರೂ ನೋಡಿಕೊಳ್ಳುತ್ತಿದ್ದಾರೆ ಎಂದರೆ ಯಾರೂ ನೋಡಿಕೊಳ್ಳುತ್ತಿಲ್ಲವೆಂದೇ ಅರ್ಥ.

ಆ ರಾತ್ರಿ ಊರಿಗೆ ಫೋನು ಮಾಡಿ ಅಪ್ಪಯ್ಯನಿಗೆ ನಡೆದದ್ದನ್ನು ಹೇಳಿದೆ. ನಮ್ಮದು ಕುಂದಾಪುರದ ಕಡೆ. ಚಿಕ್ಕಂದಿನಲ್ಲಿ ಅಪ್ಪಯ್ಯ ಹೊಳೆಗೆ ಗಾಳ ಹಾಕಲು ಹೋಗುವಾಗ ನನ್ನನ್ನೂ ಕರೆದೊಯ್ಯುತ್ತಿದ್ದರು. ಹಾಲಿನ ಪುಡಿಯ ಖಾಲಿ ಡಬ್ಬಿಯಲ್ಲಿ ನಾಲ್ಕು ಕಲ್ಲು ಹಾಕಿ ನನ್ನ ಕೈಗೆ ಕೊಟ್ಟು, ‘ಕೊಕ್ಕರೆ ಬಂದ್ ಮೀನ್ ಕದೀತ್, ಅಲ್ಲಾಡಿಸ್ತಾ ಇರ್. ಡಬ್ಬಿ ಬಿಟ್ ಎಲ್ಲೂ ಹೋಪುಕಾಗ’ ಎನ್ನುತ್ತಿದ್ದರು. ನಾನು ಮೀನಿನ ಬುಟ್ಟಿಗೆ ಕಾವಲುಗಾರ. ಎಂಥ ಜವಾಬ್ದಾರಿ! ಸಂಜೆಯವರೆಗೆ ಗಲಗಲ ಮಾಡುತ್ತ ಕೂರುತ್ತಿದ್ದೆ. ಈಗ ಅಪ್ಪಯ್ಯ ಫೋನಿನಲ್ಲಿ ನಕ್ಕು ಹೇಳಿದರು: ‘ಕೊಕ್ಕರೆಗಲ್ಲ ಮಾಣಿ. ಡಬ್ಬಿ ಸದ್ದ್ ಕೇಂತಾ ಇದ್ರೆ ಮಾಣಿ ಹತ್ರ ಇದ್ದ ಅಂದೇಳಿ ಲೆಕ್ಕ. ಸದ್ದ್ ನಿಂತ್ರೆ ನಾನ್ ಗಾಳ ಬಿಟ್ ತಿರ್ಗಿ ಕಾಂತಿದ್ದೆ.’

ನಲವತ್ತು ವರ್ಷ ಆ ಡಬ್ಬಿ ಕೊಕ್ಕರೆಗೆಂದೇ ನಂಬಿದ್ದೆ.

‘ಇನ್ನು ಅಸ್ಕರಿನ ಸುದ್ದಿ ಎತ್ತಬೇಡಿ’ ಎಂದು ಶ್ರೀಮತಿ ಹೇಳುತ್ತಾಳೆಂದುಕೊಂಡಿದ್ದೆ. ಅವಳು ಹೇಳಿದ್ದು ಬೇರೆ: ‘ಹೋಗೋಣ. ಈಗ ಬಿಟ್ಟರೆ ಅವಳಿಗೆ ಉಳಿಯುವುದು ನಮ್ಮ ಹೆದರಿಕೆ ಮಾತ್ರ. ಆದರೆ ನಿಮ್ಮ ಭಾವಮೈದುನನ ಹಾಗೆ ಅಳೆದು ಹೋಗೋಣ.’ ಒಂದು ತಿಂಗಳ ನಂತರ ಮತ್ತೆ ಹೋದೆವು. ಅಳೆದುಕೊಂಡದ್ದು ಏನೇನು ಎಂಬುದನ್ನು ಉಪಯೋಗವಾದೀತೆಂದು ಬರೆಯುತ್ತೇನೆ.

ಮೊದಲನೆಯದು ನೀರಿನ ಹೊತ್ತು. ಇಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ನೀರು ಏರಲು ಆರು ಗಂಟೆಯ ಮೇಲೆ ಸ್ವಲ್ಪ ಹೊತ್ತು ಬೇಕು. ಆದರೆ ಅದು ಒಂದೇ ಸಮನೆ ಏರುವುದಿಲ್ಲ. ನಡುವಿನ ಎರಡು ಗಂಟೆಗಳಲ್ಲೇ ಹೆಚ್ಚುಕಡಿಮೆ ಅರ್ಧ ಏರಿಬಿಡುತ್ತದೆ. ಚಪ್ಪಟೆ ಬಯಲಿನಲ್ಲಿ ಒಂದು ಗೇಣು ನೀರು ಏರಿದರೂ ಅದು ಬಲುದೂರ ಹರಡುತ್ತದೆ, ಅದೂ ಮೊದಲು ತಗ್ಗುಗಳಲ್ಲಿ, ನಮ್ಮ ಬೆನ್ನ ಹಿಂದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಇವತ್ತಿನ ಹೊತ್ತಿಗಿಂತ ನಾಳೆ ಸುಮಾರು ಐವತ್ತು ನಿಮಿಷ ತಡ. ಪಂಚಾಂಗ ನೋಡಿ ಹೊರಡುವ ನಮ್ಮವರಿಗೆ ಉಬ್ಬರದ ಪಟ್ಟಿ ನೋಡುವುದು ಕಷ್ಟವಲ್ಲ.

ಎರಡನೆಯದು ಗಾಳಿ. ಚಳಿಗಾಲದಲ್ಲಿ ಬೀಸುವ ಶಮಾಲ್ ಗಾಳಿ ವಾಯವ್ಯದಿಂದ ಬರುತ್ತದೆ. ಅಸ್ಕರ್ ಇರುವುದು ಪೂರ್ವದ ದಡದಲ್ಲಿ. ಅಂದರೆ ಗಾಳಿ ನೆಲದಿಂದ ಸಮುದ್ರದತ್ತ ತಳ್ಳುತ್ತದೆ. ದಡದ ಪಕ್ಕದಲ್ಲಿ ತೆರೆ ಏಳದು, ಎಲ್ಲವೂ ಶಾಂತವಾಗಿ ಕಾಣುತ್ತದೆ. ಆದರೆ ಗಾಳಿ ತುಂಬಿದ ರಬ್ಬರ್ ಉಂಗುರವನ್ನು ಮಗುವಿನ ಸಮೇತ ಹೊರಗೆ ಒಯ್ದುಬಿಡುತ್ತದೆ. ಆ ಉಂಗುರಗಳನ್ನು ಮನೆಯಲ್ಲೇ ಬಿಡಿ. ಮಗುವಿನ ತೂಕಕ್ಕೆ ತಕ್ಕ, ಕಾಲ ಸಂದಿಯಲ್ಲಿ ಪಟ್ಟಿ ಇರುವ ಲೈಫ್ ಜಾಕೆಟ್ಟು ದಡದಲ್ಲಿದ್ದಾಗಲೂ ಮೈಮೇಲಿರಲಿ. ಚಳಿಯ ವಿಚಾರವೂ ಅಷ್ಟೇ: ಸಣ್ಣ ಮೈ ಬೇಗ ತಣ್ಣಗಾಗುತ್ತದೆ. ನಮಗೆ ಹಿತವೆನಿಸುವ ಗಾಳಿ, ಬಟ್ಟೆ ಒದ್ದೆಯಾದ ಮಗುವಿಗೆ ನಡುಕ ತರುತ್ತದೆ. ಎರಡು ಜೊತೆ ಒಣಬಟ್ಟೆ ಬೇಕು.

ಮೂರನೆಯದು ಮುಳ್ಳು. ಇಲ್ಲಿನವರ ಪ್ರೀತಿಯ ಸಾಫಿ ಮೀನಿನ ರೆಕ್ಕೆಯ ಮುಳ್ಳುಗಳಲ್ಲಿ ವಿಷವಿದೆ. ಸತ್ತ ಮೀನಿನ ಮುಳ್ಳೂ ಚುಚ್ಚುತ್ತದೆ. ಮರಳಿನಲ್ಲಿ ಹುದುಗಿರುವ ತೊರಕೆಯ ಬಾಲದ ಮುಳ್ಳೂ ಹಾಗೆಯೇ. ನೀರಿನಲ್ಲಿ ಕಾಲೆತ್ತಿ ಇಡದೆ ಎಳೆಯುತ್ತ ನಡೆದರೆ ತೊರಕೆ ತಾನೇ ಸರಿದುಹೋಗುತ್ತದೆ. ಚುಚ್ಚಿದರೆ, ತಡೆದುಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆಗೂ ಮೇಲೆ ಅದ್ದಿಟ್ಟರೆ ನೋವು ಇಳಿಯುತ್ತದೆ. ಆ ಬಿಸಿಯನ್ನು ದೊಡ್ಡವರು ತಮ್ಮ ಕೈಯಲ್ಲಿ ಮೊದಲು ನೋಡಬೇಕು. ಮಗುವಿನ ಚರ್ಮ ಸುಡಬಾರದು. ಆಮೇಲೆ ಡಾಕ್ಟರ ಹತ್ತಿರ ಹೋಗಲೇಬೇಕು. ಉಸಿರಾಟ ಕೆಟ್ಟರೆ ಕಾಯದೆ 999ಕ್ಕೆ ಫೋನು ಮಾಡಿ. ಆದ್ದರಿಂದ ಕಾಫಿಯ ಫ್ಲಾಸ್ಕಿನ ಜೊತೆ ಬರೀ ಬಿಸಿನೀರಿನ ಇನ್ನೊಂದು ಫ್ಲಾಸ್ಕು. ಗಾಳದ ಕೊಕ್ಕೆಯ ಹಿಂಬದಿಯ ಪುಟ್ಟ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಟ್ಟರೆ, ಬೆರಳಿಗೆ ಸಿಕ್ಕಿದರೂ ಸುಲಭವಾಗಿ ಬಿಡಿಸಬಹುದು. ಒಂದೆರಡು ಮೀನು ತಪ್ಪಿಸಿಕೊಂಡಾವು, ಹೋಗಲಿ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಪಾಳಿ. ಕಾರ್ಖಾನೆಯಲ್ಲಿ ದುಡಿಯುವ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದಿನವನು ಬಂದು ‘ನಾನು ವಹಿಸಿಕೊಂಡೆ’ ಎನ್ನದೆ ಹಿಂದಿನವನು ಮೆಷೀನು ಬಿಟ್ಟು ಹೋಗುವುದುಂಟೇ? ನಮ್ಮ ಮನೆಯಲ್ಲಿ ಒಂದು ಕೆಂಪು ಟೊಪ್ಪಿ ಇದೆ. ಅದು ತಲೆಯ ಮೇಲಿದ್ದವರ ಕೈಯಲ್ಲಿ ಗಾಳವಿಲ್ಲ, ಫೋನಿಲ್ಲ, ಪುಳಿಯೋಗರೆಯೂ ಇಲ್ಲ. ಅವರ ಕೆಲಸ ಮಗು ಮಾತ್ರ, ಅದೂ ಕೈಗೆ ಸಿಗುವಷ್ಟು ಹತ್ತಿರ. ಅರ್ಧ ಗಂಟೆಗೊಮ್ಮೆ ಬಾಯಿಬಿಟ್ಟು ಹೇಳಿ ಟೊಪ್ಪಿ ಬದಲಾಯಿಸುತ್ತೇವೆ. ಗಂಡಸರು ಗಾಳಕ್ಕೆ, ಹೆಂಗಸರು ಮಗುವಿಗೆ ಎಂಬ ಹಂಚಿಕೆ ನಮ್ಮಲ್ಲಿ ಈಗಿಲ್ಲ.

ಎರಡನೆಯ ಸಲ ಮಗಳ ಕೈಗೆ ಹಾಲಿನ ಪುಡಿಯ ಡಬ್ಬಿ, ಒಳಗೆ ನಾಲ್ಕು ಕಲ್ಲು. ‘ಕಡಲಹಕ್ಕಿ ಬಂದು ಮೀನು ಕದಿಯುತ್ತೆ, ನೀನೇ ಕಾವಲು’ ಎಂದೆ. ಅವಳ ಮುಖ ನೋಡಬೇಕಿತ್ತು! ಜೊತೆಗೆ ಬಂದ ಮಿತ್ರರು ‘ಈ ಗಲಾಟೆಗೆ ಇರುವ ಮೀನೂ ಓಡಿಹೋಗುತ್ತವೆ ಮಾರಾಯ್ರೆ’ ಎಂದರು. ಓಡಲಿ ಎಂದೆ. ಆ ದಿನ ಸಿಕ್ಕಿದ್ದು ಅಂಗೈಯಗಲದ ಒಂದೇ ಮೀನು.

ಅದಕ್ಕಿಂತ ದೊಡ್ಡ ಲಾಭ ಬೇರೆ ಇತ್ತು. ಆ ಹಿರಿಯರು ಅಂದೂ ದಡದಲ್ಲಿದ್ದರು. ಮಗಳನ್ನು ಗುರುತಿಸಿ ಕರೆದು, ತಮ್ಮ ಗರ್ಗೂರ್ ತೋರಿಸಿದರು. ತಂತಿಯಿಂದ ಹೆಣೆದ ಗುಮ್ಮಟದಂಥ ಬೋನು ಅದು. ಒಳಹೋಗುವ ಬಾಯಿ ಲಾಳಿಕೆಯ ಹಾಗೆ ಕಿರಿದಾಗುತ್ತ ಹೋಗುತ್ತದೆ, ಹೊಕ್ಕ ಮೀನಿಗೆ ಹೊರದಾರಿ ಸಿಗದು. ಹಿಂದೆ ಇದನ್ನು ಖರ್ಜೂರದ ಗರಿಯ ಕಡ್ಡಿಗಳಿಂದ ಹೆಣೆಯುತ್ತಿದ್ದರು. ನಮ್ಮ ಕಡೆಯ ಬಿದಿರಿನ ಕೂಳಿಯ ಅಣ್ಣನೇ ಸರಿ. ಇಲ್ಲಿನ ಹದ್ರಾ ಎಂಬ ಬೇಲಿಬಲೆಯ ವಿಚಾರವನ್ನೂ ಹೇಳಿದರು: ದಡದ ಬಯಲಿನಲ್ಲಿ ಬೇಲಿ ನೆಡುತ್ತಾರೆ, ಉಬ್ಬರದೊಂದಿಗೆ ಬಂದ ಮೀನು ಇಳಿತದ ಹೊತ್ತಿಗೆ ಬೇಲಿಯೊಳಗೆ ಉಳಿಯುತ್ತದೆ. ‘ಸಮುದ್ರವೇ ತಂದುಕೊಡುತ್ತೆ, ಸಮುದ್ರವೇ ಹೋಗುತ್ತೆ’ ಎಂದು ಮಗಳು ಈಗಲೂ ಮನೆಗೆ ಬಂದವರಿಗೆಲ್ಲ ವಿವರಿಸುತ್ತಾಳೆ. ಅವಳನ್ನು ಹೆದರಿಸಿದ ಉಬ್ಬರ ಈಗ ಅವಳಿಗೆ ಗೊತ್ತಿರುವ ವಿಷಯವಾಗಿದೆ.

ನಮ್ಮ ಸಂಘದಲ್ಲಿ ಮೀನು ಮುಟ್ಟದ ಮನೆಗಳೂ ಉಂಟು. ಅವರಿಗೂ ದಡ ಬೇಡವೆಂದೇನಿಲ್ಲ. ಏಡಿ, ಶಂಖ, ಹಕ್ಕಿ ನೋಡಲು ಗಾಳ ಬೇಕಿಲ್ಲ. ಮೀನು ತಿನ್ನುವ ಮನೆಯ ಮಗುವೂ ‘ಅದಕ್ಕೆ ನೋವಾಗೋದಿಲ್ವಾ?’ ಎಂದು ಕೇಳುತ್ತದೆ. ನಮ್ಮವಳೂ ಕೇಳಿದಳು. ಇಲ್ಲವೆಂದು ಸುಳ್ಳು ಹೇಳಬೇಡಿ. ‘ಆಗುತ್ತೆ, ಅದಕ್ಕೇ ಬೇಕಾದಷ್ಟು ಮಾತ್ರ ಹಿಡಿಯೋಣ’ ಎಂದೆ. ಅವಳು ಸ್ವಲ್ಪ ಯೋಚಿಸಿ, ‘ಇದು ಪಾಪು ಮೀನು, ಬಿಟ್ಟುಬಿಡೋಣ’ ಎಂದಳು. ಆ ಒಂದು ಮೀನನ್ನೂ ಬಿಟ್ಟೆವು. ಅಂದು ರಾತ್ರಿ ನಮ್ಮ ಮನೆಯಲ್ಲಿ ಸಾರು ಬೇಳೆಯದು.

ಈ ಚಳಿಗಾಲದಲ್ಲಿ ಅಸ್ಕರಿನ ಕಡೆ ಹೋದಾಗ ಎಲ್ಲಿಂದಲೋ ಗಲಗಲ ಸದ್ದು ಕೇಳಿದರೆ, ಅದು ನಮ್ಮ ಮನೆಯ ಡಬ್ಬಿ ಎಂದು ತಿಳಿಯಿರಿ. ಕೆಂಪು ಟೊಪ್ಪಿಯವರನ್ನು ಮಾತಿಗೆ ಎಳೆಯಬೇಡಿ. ಪಾಳಿ ಮುಗಿದ ಮೇಲೆ ಕಾಫಿ ಕುಡಿಯುತ್ತ ಮಾತಾಡೋಣ.