ಮನ್ಯಾಗ ತಂಗಳ ಯಾರು ಉಂಡ್ರು?

ಕಳೆದ ತಿಂಗಳು ನಮ್ಮ ದೊಡ್ಡಪ್ಪ ಕಣ್ಣು ತೋರಿಸಿಕೊಳ್ಳಲು ತಡಸದಿಂದ ಬೆಂಗಳೂರಿಗೆ ಬಂದಿದ್ದರು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಎದುರಿಗೆ ನಿಂತವರ ಮುಖವೂ ಸರಿಯಾಗಿ ಕಾಣುವುದಿಲ್ಲ ಎಂಬುದು ಅವರ ದೂರು. ಆ ರಾತ್ರಿ ನನ್ನ ಹೆಂಡತಿ ಎಂಟೂವರೆಗೆ ಆಫೀಸಿನ ಕಾಲ್ ಮುಗಿಸಿ ಅಡುಗೆಮನೆಗೆ ಹೋದಳು. ಫ್ರೀಜರಿನಿಂದ ಮಡಕಿಕಾಳಿನ ಪಲ್ಯ, ಬ್ಯಾಳಿ, ಆರು ಚಪಾತಿ ತೆಗೆದು, ಚೆನ್ನಾಗಿ ಕುದಿಸಿ, ಕಾಸಿ, ಒಂಬತ್ತಕ್ಕೆ ತಾಟು ಇಟ್ಟಳು. ಡಬ್ಬಿಯ ಮುಚ್ಚಳದ ಮೇಲೆ ನಾನು ಪೆನ್ನಿನಲ್ಲಿ ತಾರೀಕು ಬರೆದು ಅಂಟಿಸಿದ್ದ ಚೀಟಿ ಇತ್ತು. ಮುಖ ಕಾಣದ ದೊಡ್ಡಪ್ಪನಿಗೆ ಆ ಚೀಟಿ ಕಂಡಿತು.

"ಏನವಾ, ಇದು ಹನ್ನೆರಡು ದಿನದ್ದೇನ?" ಎಂದು ತಾಟು ಸರಿಸಿದರು. "ನಮ್ಮ ಮನ್ಯಾಗ ತಂಗಳ ಉಣ್ಣೂದಿಲ್ಲವಾ. ಎರಡು ಬಿಸಿ ರೊಟ್ಟಿ ಬಡದಬಿಡು, ಸಾಕು."

"ಆತ್ರಿ ಮಾವಾರ" ಅಂದಳು ಅವಳು. ಮತ್ತೆ ಒಲೆ ಹಚ್ಚಿದಳು.

ಎರಡು ರೊಟ್ಟಿ ಎಂದರೆ ಎಷ್ಟು ಕೆಲಸ ಎಂದು ರೊಟ್ಟಿ ಬಡಿಯದವರಿಗೆ ಗೊತ್ತಾಗುವುದಿಲ್ಲ. ನೀರು ಎಸರಿಗೆ ಇಡಬೇಕು, ಹಿಟ್ಟು ನಾದಬೇಕು, ಹಂಚು ಕಾಯಬೇಕು, ಬಡಿಯಬೇಕು, ಬೇಯಿಸಬೇಕು, ಆಮೇಲೆ ಕಟ್ಟೆಯ ತುಂಬ ಹಾರಿದ ಹಿಟ್ಟು ಒರೆಸಬೇಕು. ಎರಡಕ್ಕೂ ಅಷ್ಟೇ, ಹನ್ನೆರಡಕ್ಕೂ ಅಷ್ಟೇ. ಅವಳು ಉಂಡಾಗ ಹತ್ತೂ ಕಾಲು. ಉಂಡದ್ದು ಯಾವುದು? ದೊಡ್ಡಪ್ಪ ಸರಿಸಿದ ತಾಟಿನದೇ, ಅಷ್ಟೊತ್ತಿಗೆ ನಿಜವಾಗಿಯೂ ತಣ್ಣಗಾಗಿದ್ದ ಚಪಾತಿ ಪಲ್ಯ. ನಾನೇನು ಮಾಡುತ್ತಿದ್ದೆ? ಫೋನ್ ನೋಡುತ್ತಿದ್ದೆ. ಅವತ್ತು ಬಾಯಿ ಬಿಡದವನು ಈಗ ಬರೆಯುತ್ತಿದ್ದೇನೆ.

'ಫ್ರಿಜ್ಜಿನ ಊಟ ವಿಷ' ಎನ್ನುವ ವಾಟ್ಸಾಪ್ ಮೆಸೇಜು ನಿಮ್ಮ ಮನೆಯ ಗ್ರೂಪಿಗೂ ಬಂದಿರುತ್ತದೆ. ನಮ್ಮದರಲ್ಲಿ ವಾರಕ್ಕೊಮ್ಮೆ ಬರುತ್ತದೆ. ಸ್ವಲ್ಪ ಓದಿಕೊಂಡವರು ಗೀತೆಯ 17ನೇ ಅಧ್ಯಾಯ ತೋರಿಸುತ್ತಾರೆ. ಬೆಂದು ಒಂದು ಯಾಮ, ಅಂದರೆ ಮೂರು ತಾಸು ಕಳೆದ ಅನ್ನ ತಾಮಸ ಎಂದು ಅಲ್ಲಿ ಹೇಳಿದೆ, ಸರಿ. ಆದರೆ ಈ ನಿಯಮ ಹೇಳುವ ನನ್ನ ಸಹೋದ್ಯೋಗಿ ಆಫೀಸಿನ ಕ್ಯಾಂಟೀನಿನಲ್ಲಿ ಒಂದೂವರೆಗೆ ಉಣ್ಣುವ ಸಾಂಬಾರು, ಬೆಳಗ್ಗೆ ಎಲ್ಲೋ ದೂರದ ಅಡುಗೆಮನೆಯಲ್ಲಿ ಕುದಿದು ವ್ಯಾನಿನಲ್ಲಿ ಬಂದದ್ದು. ರಾತ್ರಿ ಆ್ಯಪಿನಲ್ಲಿ ತರಿಸುವ ಬಿರಿಯಾನಿಯ ಮಸಾಲೆ ಯಾವಾಗ ಬೆಂದಿತ್ತೆಂದು ಅವನು ಕೇಳುವುದಿಲ್ಲ. ಅಂಗಡಿಯಿಂದ ದೋಸೆ ಹಿಟ್ಟಿನ ಪೊಟ್ಟಣ ತರುವಾಗ ರುಬ್ಬಿದ ತಾರೀಕು ನೋಡಿ ಮುಖ ಸಿಂಡರಿಸುವುದಿಲ್ಲ. ದುಡ್ಡು ಕೊಟ್ಟು ತಂದರೆ ತಂಗಳಲ್ಲ. ಮನೆಯ ಹೆಣ್ಣುಮಗಳು ಮೊದಲೇ ಮಾಡಿಟ್ಟು ಅರ್ಧ ತಾಸು ಕೂತರೆ ತಂಗಳ.

ಇನ್ನು 'ನಮ್ಮ ಕಡೆ ಇದೆಲ್ಲಾ ಇರಲಿಲ್ಲ' ಎನ್ನುವ ಮಾತು. ಇದಕ್ಕೆ ಮಾತ್ರ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ಇದು ಶುದ್ಧ ಸುಳ್ಳು.

ನಾನು ಹುಟ್ಟಿ ಬೆಳೆದದ್ದು ಶಿಗ್ಗಾಂವಿ ತಾಲೂಕಿನ ತಡಸದಲ್ಲಿ. ಹುಬ್ಬಳ್ಳಿಯಿಂದ ಹಾವೇರಿ ಕಡೆ ಹೈವೇದಲ್ಲಿ ಬಂದವರಿಗೆ ತಡಸ ಕ್ರಾಸ್ ಗೊತ್ತಿರುತ್ತದೆ, ಅಲ್ಲಿಂದ ಮುಂಡಗೋಡದ ದಾರಿ ಒಡೆಯುತ್ತದೆ. ನಮ್ಮ ಕಡೆ ಶ್ರಾವಣದಲ್ಲಿ ನಾಗರಪಂಚಮಿಗೆ ಮೊದಲು ರೊಟ್ಟಿ ಪಂಚಮಿ ಬರುತ್ತದೆ. ಅದಕ್ಕೆ ಎಷ್ಟೋ ದಿನ ಮೊದಲೇ ರೊಟ್ಟಿ ಬಡಿಯುವುದು ಶುರು. ಇವತ್ತು ನಮ್ಮ ಮನೆಯಲ್ಲಿ, ನಾಳೆ ಬಾಜೂ ಮನೆಯಲ್ಲಿ. ನಾಲ್ಕೈದು ಮಂದಿ ಕೂಡಿ ಜೋಳದ್ದು, ಸಜ್ಜೆದ್ದು, ಎಳ್ಳು ಹಚ್ಚಿದ್ದು ಎಂದು ಬಡಿದು, ಒಲೆಯ ಸುತ್ತ ನಿಲ್ಲಿಸಿ ಒಣಗಿಸಿ ಕಡಕ ಮಾಡಿ, ಬುಟ್ಟಿಯಲ್ಲಿ ಆಳೆತ್ತರ ಒಟ್ಟುತ್ತಿದ್ದರು. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ರಂಜಕ. ಆಮೇಲೆ ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಡಬ್ಬಿ ಡಬ್ಬಿ. ಪಂಚಮಿ ಮುಗಿದು ಎಷ್ಟೋ ದಿನದ ಮೇಲೂ ಸಾಲಿಗೆ ಹೋಗುವಾಗ ಕಿಸೆಯಲ್ಲಿ ಉಂಡಿ ಇರುತ್ತಿತ್ತು. ಬೇಸಿಗೆಯಲ್ಲಿ ಶಾವಿಗೆ, ಹಪ್ಪಳ, ಸಂಡಿಗೆ, ಕುರಡಿಗಿ: ವರ್ಷದ ಸರಕು. ಇದಕ್ಕೆ ಇವತ್ತು ಬೆಂಗಳೂರಿನ ಮಂದಿ ಇಟ್ಟಿರುವ ಹೆಸರು ಬ್ಯಾಚ್ ಕುಕಿಂಗ್. ನಮ್ಮ ಅವ್ವನಿಗೆ ಅದು ಪಂಚಮಿ ಕೆಲಸ.

ಕೊಪ್ಪಳದ ಗವಿಮಠದ ಜಾತ್ರೆಗೆ ಹೋದವರು ನೋಡಿರುತ್ತೀರಿ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಮನೆಮನೆಯಲ್ಲಿ ಬಡಿದ ರೊಟ್ಟಿ ಟ್ರ್ಯಾಕ್ಟರುಗಳಲ್ಲಿ ಮಠಕ್ಕೆ ಬರುತ್ತವೆ, ಲಕ್ಷಗಟ್ಟಲೆ. ಜಾತ್ರೆಯ ದಾಸೋಹಕ್ಕೆ ಅವೇ. ಅದನ್ನು ಯಾರಾದರೂ ತಂಗಳ ಎಂದು ಸರಿಸಿದ್ದು ಉಂಟೇ? ನಾನು ಹುಬ್ಬಳ್ಳಿಯಲ್ಲಿ ಬಿಇ ಓದುವಾಗ, ಆಮೇಲೆ ಬೆಂಗಳೂರಿಗೆ ಬಂದ ಮೊದಲ ಎರಡು ವರ್ಷ, ಅವ್ವ ಬಟ್ಟೆಯಲ್ಲಿ ಕಟ್ಟಿಕೊಟ್ಟ ಕಡಕ ರೊಟ್ಟಿಯ ಮೇಲೇ ಬದುಕಿದವನು. ಆ ಗಂಟನ್ನು ರಾತ್ರಿ ಬಸ್ಸಿಗೆ ಹಾಕಿಸುತ್ತಿದ್ದವರು ಇದೇ ದೊಡ್ಡಪ್ಪ.

ಕಡಕ ರೊಟ್ಟಿ ತಿಂಗಳುಗಟ್ಟಲೆ ಇರುತ್ತದಲ್ಲ, ಯಾಕೆ? ಒಣಗಿಸಿ ಅದರ ನೀರು ತೆಗೆದಿರುತ್ತಾರೆ. ಅಡುಗೆ ಕೆಡಿಸುವ ಬ್ಯಾಕ್ಟೀರಿಯಾಕ್ಕೂ ಬೂಷ್ಟಿಗೂ ಬೆಳೆಯಲು ನೀರು ಬೇಕು. ಫ್ರೀಜರ್ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ನೀರನ್ನು ಹೊರಗೆ ಹಾಕುವ ಬದಲು ಅಲ್ಲೇ ಮಂಜುಗಡ್ಡೆ ಮಾಡಿ ಕೀಲಿ ಹಾಕುತ್ತದೆ. ಮೈನಸ್ 18 ಡಿಗ್ರಿಯಲ್ಲಿ ಅವು ಬೆಳೆಯಲಾರವು. ಸಾಯುವುದಿಲ್ಲ, ಮಲಗಿರುತ್ತವೆ ಅಷ್ಟೇ. ಹೊರಗೆ ತೆಗೆದರೆ ಏಳುತ್ತವೆ. ಅದಕ್ಕೇ ಒಳಗೆ ಇಡುವ ಮೊದಲಿನ ಎರಡು ತಾಸು ಮುಖ್ಯ. 5ರಿಂದ 60 ಡಿಗ್ರಿ ನಡುವೆ ಅವುಗಳಿಗೆ ಸುಗ್ಗಿ. ಬೆಳಗ್ಗೆ ಮಾಡಿದ್ದನ್ನು ಸಂಜೆತನಕ ಕಟ್ಟೆಯ ಮೇಲೆ ಬಿಟ್ಟು ಆಮೇಲೆ ಫ್ರೀಜರಿಗೆ ತುರುಕಿ, ತಿಂದು ಹೊಟ್ಟೆ ಕೆಟ್ಟರೆ ತಪ್ಪು ಫ್ರೀಜರಿನದಲ್ಲ. ಅನ್ನದ ವಿಷಯದಲ್ಲಂತೂ ಹುಷಾರಿರಬೇಕು, ಅಕ್ಕಿಯಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಕಗಳು ಕುದಿಸಿದರೂ ಸಾಯುವುದಿಲ್ಲ, ಅನ್ನ ಹೊರಗೇ ಉಳಿದರೆ ವಿಷ ಕಕ್ಕುತ್ತವೆ. ಒಮ್ಮೆ ಕರಗಿಸಿದ್ದನ್ನು ಮತ್ತೆ ಒಳಗಿಡಬಾರದು. ಒಂದೇ ಬಾಗಿಲಿನ ಸಣ್ಣ ಫ್ರಿಜ್ಜಿನ ಐಸ್ ಡಬ್ಬವನ್ನು ಫ್ರೀಜರ್ ಎಂದು ನಂಬಬಾರದು. ಕರೆಂಟ್ ಹೋದರೆ ಬಾಗಿಲು ತೆಗೆಯಬಾರದು. ತುಂಬಿದ ಫ್ರೀಜರ್ ಹತ್ತಿರ ಹತ್ತಿರ ಎರಡು ದಿನ ತಡೆಯುತ್ತದೆ, ಅರ್ಧ ಖಾಲಿ ಇದ್ದರೆ ಒಂದೇ ದಿನ.

ರುಚಿಯ ಬಗ್ಗೆ ನಾನು ಸುಳ್ಳು ಹೇಳುವುದಿಲ್ಲ. ಬಿಸಿ ಜೋಳದ ರೊಟ್ಟಿ ಹಂಚಿನಿಂದ ನೇರ ತಾಟಿಗೆ ಬಿದ್ದಾಗ ಅದರ ಮುಂದೆ ಯಾವುದೂ ಇಲ್ಲ. ಅದನ್ನು ಫ್ರೀಜ್ ಮಾಡಲು ಹೋಗಿ ನಾನು ಚೂರು ಚೂರು ಮಾಡಿಕೊಂಡೆ. ಎಣ್ಣಿಗಾಯಿ ಇಟ್ಟು ನೋಡಿದೆ, ಬದನಿಕಾಯಿ ಒದ್ದೆ ಹತ್ತಿಯಾಯಿತು. ಆಲೂಗಡ್ಡೆ ಮರಳು ಮರಳು. ಮೊಸರು ಒಡೆದು ನೀರು. ನಿಧಾನ ಹೆಪ್ಪುಗಟ್ಟಿದರೆ ಮಂಜಿನ ಹರಳು ದೊಡ್ಡವಾಗಿ ತರಕಾರಿಯನ್ನು ಒಳಗಿಂದಲೇ ಹರಿಯುತ್ತವೆ. ಕ್ಲಾರೆನ್ಸ್ ಬರ್ಡ್ಸ್‌ಐ ಎಂಬ ಅಮೆರಿಕದವನು ನೂರು ವರ್ಷದ ಹಿಂದೆ ಲ್ಯಾಬ್ರಡಾರಿನ ಚಳಿಯಲ್ಲಿ ಇನ್ಯೂಟ್ ಜನ ಮೀನನ್ನು ಹಿಡಿದ ಕೂಡಲೇ ಹೆಪ್ಪುಗಟ್ಟಿಸುವುದನ್ನು ನೋಡಿ ಇದನ್ನು ಕಲಿತು ವ್ಯಾಪಾರ ಮಾಡಿದ. ಕಲಿಸಿದವರ ಹೆಸರು ಯಾವ ಪೊಟ್ಟಣದ ಮೇಲೂ ಇಲ್ಲ ಬಿಡಿ. ಅದಕ್ಕೇ ನಾವು ಈಗ ಬ್ಯಾಳಿ, ಕಾಳುಪಲ್ಯ, ಉಳ್ಳಾಗಡ್ಡಿ-ಟೊಮ್ಯಾಟೊ ಮಸಾಲೆ ಇವನ್ನು ಚಪ್ಪಟೆ ಚೀಲದಲ್ಲಿ ತೆಳ್ಳಗೆ ಹರಡಿ ಇಡುತ್ತೇವೆ. ಚಪಾತಿ, ಇಡ್ಲಿ, ಹೋಳಿಗೆ ಚೆನ್ನಾಗಿ ಇರುತ್ತವೆ. ಅಂದರೆ ಬಿಸಿ ರೊಟ್ಟಿ ಮೇಲು ಎನ್ನುವುದರಲ್ಲಿ ದೊಡ್ಡಪ್ಪನಿಗೂ ನನಗೂ ಜಗಳವಿಲ್ಲ. ಜಗಳ ಇರುವುದು ಆ ಬಿಸಿ ಎಲ್ಲಿಂದ ಬಂತು ಎನ್ನುವುದರಲ್ಲಿ.

ಮರುದಿನ ಅವ್ವನಿಗೆ ಫೋನ್ ಮಾಡಿದಾಗ ಇದನ್ನು ಒಂದು ಚಾಷ್ಟಿ ಎಂಬಂತೆ ಹೇಳಿದೆ. ಅವ್ವ ನಗಲಿಲ್ಲ.

"ಹಂಗಂದ್ರನ ಭಾವಾರು?" ಎಂದು ಸ್ವಲ್ಪ ಹೊತ್ತು ಸುಮ್ಮನಾದಳು. "ನಿಮಗೆಲ್ಲಾರಿಗೂ ಬಿಸಿ ಹಾಕಿ, ಹಿಂದಿನ ದಿನದ ರೊಟ್ಟಿ ಮಜ್ಜಿಗ್ಯಾಗ ನೆನಸ್ಕೊಂಡು ಉಂಡಾಕಿ ನಾನು. ನಿಮ್ಮ ದೊಡ್ಡವ್ವನೂ ಹಂಗ. ನಮ್ಮ ಮನ್ಯಾಗ ತಂಗಳ ಉಣ್ಣೂದಿಲ್ಲಂದ್ರ ನಾವಿಬ್ಬರೂ ಯಾರ ಮನಿಯವ್ರೋ?"

ನನಗೆ ಇದು ಗೊತ್ತಿರದ ಸುದ್ದಿಯಲ್ಲ. ಇಪ್ಪತ್ತು ವರ್ಷ ದಿನಾ ನೋಡಿದ್ದೆ. ನಾವು ಗಂಡಸರು ಮಕ್ಕಳು ಸಾಲಾಗಿ ಕೂತಿರುತ್ತಿದ್ದೆವು, ಅವ್ವ ಒಲೆಯ ಮುಂದೆ ಹೊಗೆಯಲ್ಲಿ, ಒಂದೊಂದೇ ರೊಟ್ಟಿ ಉಬ್ಬಿಸಿ ನಮ್ಮ ತಾಟಿಗೆ ಎಸೆಯುತ್ತಿದ್ದಳು. ಮೂರನೆಯದು ಸ್ವಲ್ಪ ತಡವಾದರೆ ನಾನೇ ತಾಟು ಬಡಿದಿದ್ದೇನೆ. ಕೊನೆಗೆ ಅವಳು ಬುಟ್ಟಿಯ ತಳದಲ್ಲಿದ್ದ ನಿನ್ನೆಯದನ್ನು ಎತ್ತಿಕೊಳ್ಳುತ್ತಿದ್ದಳು, 'ಕೆಡಸಬಾರದು' ಎಂದು. ತಂಗಳ ಉಣ್ಣದ ಪ್ರತಿ ಮನೆಯಲ್ಲೂ ನಿನ್ನೆಯದು ಎಲ್ಲಿ ಹೋಯಿತು ಎಂದು ಒಮ್ಮೆ ಕೇಳಿ ನೋಡಿ. ದನಕ್ಕೆ ಹಾಕಿದಷ್ಟೇ ಹೆಂಗಸರಿಗೂ ಹಾಕಿದ್ದೇವೆ.

ಇದು ನಮ್ಮೂರಿನ ಮಾತಷ್ಟೇ ಅಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದ ಜನ ದಿನದ ಸಮಯವನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಅದೂ ಆ ಕೆಲಸಕ್ಕೆ ಕೈಹಾಕಿದ ಗಂಡಸರ ಲೆಕ್ಕ, ಅಂಥವರು ನೂರಕ್ಕೆ 26 ಮಂದಿ. 2024ರಲ್ಲಿ ಮತ್ತೆ ಕೇಳಿದರು. ಹೆಂಗಸರದು 289ಕ್ಕೆ ಇಳಿಯಿತು, ಹತ್ತು ನಿಮಿಷ ಕಡಿಮೆ. ಖುಷಿಪಡುವ ಮೊದಲು ಗಂಡಸರ ಸಾಲು ನೋಡಿ: 88. ಐದು ವರ್ಷದಲ್ಲಿ ನಾವೂ ಒಂಬತ್ತು ನಿಮಿಷ ಉಳಿಸಿಕೊಂಡಿದ್ದೇವೆ!

ಹಾಗಂತ ಎಲ್ಲರೂ ಫ್ರೀಜರ್ ಕೊಳ್ಳಿ, ಉದ್ಧಾರವಾಗುತ್ತೀರಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಟೀಮಿನಲ್ಲಿ ಒಬ್ಬ ಹುಡುಗ ಇದನ್ನು ಎಕ್ಸೆಲ್ ಶೀಟಿನಲ್ಲಿ ಮಾಡಿಟ್ಟಿದ್ದಾನೆ. ರವಿವಾರ ನಾಲ್ಕು ತಾಸು ಹಾಕಿದರೆ ವಾರಕ್ಕೆ ಹತ್ತು ತಾಸು ಉಳಿತಾಯ, ಬಣ್ಣ ಬಣ್ಣದ ಕಾಲಂಗಳು. ಆ ನಾಲ್ಕು ತಾಸು ಯಾರದು ಎಂದು ಕೇಳಿದೆ. "ಅಮ್ಮ ಬಂದಿದ್ದಾರಲ್ಲ" ಅಂದ. ಉಳಿದ ಹತ್ತರಲ್ಲಿ ಏನು ಮಾಡುತ್ತೀಯ ಎಂದೆ. ರಿಲೀಸ್ ಹತ್ತಿರ ಬಂತಲ್ಲ, ಅದಕ್ಕೆ. ಅಮ್ಮನ ರವಿವಾರ ಕಂಪನಿಗೆ ಜಮಾ ಆಯಿತು.

ನನ್ನ ಮನೆಯ ಲೆಕ್ಕವೇನು ಬೇರೆ ಇರಲಿಲ್ಲ. ಚೀಟಿ ಬರೆದು ಅಂಟಿಸಿದ್ದು ನಾನು ಎಂದೆನಲ್ಲ, ಮೊದಲ ಆರು ತಿಂಗಳು ನನ್ನ ಪಾಲಿನ ಕೆಲಸ ಅಷ್ಟೇ. ಹೆಚ್ಚುವುದು, ಹುರಿಯುವುದು, ಕುದಿಸುವುದು, ಆರಿಸುವುದು ಅವಳದು. ವಾರದ ಏಳು ಸಂಜೆಯ ದುಡಿತವನ್ನು ಒಂದು ರವಿವಾರಕ್ಕೆ ತುಂಬಿ, 'ಈಗ ನಿನಗೆ ಎಷ್ಟು ಆರಾಮ' ಎಂದು ನಾನೇ ಹೇಳಿದ್ದೆ. ರೊಟ್ಟಿ ಪಂಚಮಿಯನ್ನೂ ನಾನು ದೇವರು ಮಾಡಿ ಕೂರಿಸಲಾರೆ. ಅಲ್ಲಿ ಐದು ಹೆಂಗಸರು ಕೂಡಿ ಬಡಿಯುವಾಗ ದಣಿವು ಹಂಚಿಹೋಗುತ್ತಿತ್ತು, ಹರಟೆ ನಗೆ ಇತ್ತು, ಅದು ನಿಜ. ಆದರೆ ಆ ಒಲೆಯ ಸುತ್ತ ಒಬ್ಬ ಗಂಡಸನ್ನು ನಾನು ನೋಡಲಿಲ್ಲ. ನಾವು ಗುಡಿಯ ಕಟ್ಟೆಯ ಮೇಲೆ ಇರುತ್ತಿದ್ದೆವು, ಇಲ್ಲವೇ ಜೋಕಾಲಿ ಕಟ್ಟುವ ನೆಪದಲ್ಲಿ ಮರದ ಮೇಲೆ.

ದೊಡ್ಡಪ್ಪ ಬಂದು ಹೋದ ಮೇಲೆ ರವಿವಾರಗಳನ್ನು ಹಂಚಿಕೊಂಡಿದ್ದೇವೆ. ಒಂದು ಅವಳದು, ಒಂದು ನನ್ನದು. ನನ್ನ ರವಿವಾರ ಅವಳು ಅಡುಗೆಮನೆಗೆ ಬರುವುದಿಲ್ಲ, ನಾನು ಉಪ್ಪು ಎಲ್ಲಿದೆ ಎಂದು ಕೇಳುವುದಿಲ್ಲ. ಉಳಿದ ಸಂಜೆಗಳಲ್ಲಿ ಒಂಬತ್ತರ ಕಾಲ್‌ಗೆ ಬರುವುದಿಲ್ಲ ಎಂದು ಮ್ಯಾನೇಜರಿಗೂ ಹೇಳಿದ್ದೇನೆ. ಅವರಿಗೆ ಇಷ್ಟವಾಗಿಲ್ಲ.

ಬರುವ ತಿಂಗಳು ದೊಡ್ಡಪ್ಪನ ಇನ್ನೊಂದು ಕಣ್ಣಿನ ಆಪರೇಶನ್. ಮತ್ತೆ ನಮ್ಮ ಮನೆಯಲ್ಲೇ ಇರುತ್ತಾರೆ. ಫೋನಿನಲ್ಲಿ ಹೇಳಿದ್ದೇನೆ: "ಡಬ್ಬಿದ್ದು ಒಲ್ಲೆಂದ್ರ ಬಿಸಿ ರೊಟ್ಟಿ ಸಿಗತಾವ ದೊಡ್ಡಪ್ಪಾ. ಆದ್ರ ಬಡಿಯಾಂವ ನಾ."

ಮೂರು ವಾರದಿಂದ ಕಲಿಯುತ್ತಿದ್ದೇನೆ. ಹಿಟ್ಟಿಗೆ ಎಸರು ಎಷ್ಟು ಎಂದು ಇನ್ನೂ ಕೈಗೆ ಹತ್ತಿಲ್ಲ, ಅಂಚು ಒಡೆಯುತ್ತದೆ, ಹಂಚಿಗೆ ಹಾಕುವಾಗ ಅರ್ಧ ಕೆಳಗೆ ಬೀಳುತ್ತದೆ. ಕಳೆದ ರವಿವಾರದ್ದು ನಮ್ಮ ತಾಲೂಕಿನ ನಕಾಶೆಯ ಹಾಗೆ ಬಂದಿತ್ತು. ಹೆಂಡತಿ ಒಂದು ತುಂಡು ಮುರಿದು ಬಾಯಿಗಿಟ್ಟು, ಏನೂ ಹೇಳದೆ ಫ್ರೀಜರಿನ ಬಾಗಿಲು ತೆಗೆದಳು.