ತಲೆಯೊಳಗಿನ ಗುಮಾಸ್ತ

ಮಕ್ಕಳೇ, ಈ ವಾರ ಒಂದು ಆಟದಿಂದ ಶುರು ಮಾಡೋಣ. ಗೆರೆ ಹಾಕಿದ ನೋಟ್‌ಬುಕ್ ಹಾಳೆಯ ಎಡಗಡೆ ಒಂದು ಕೂಡಿಸುವ ಗುರುತು ಬರೆಯಿರಿ. ಅದರ ಬಲಕ್ಕೆ, ಅದೇ ಮಟ್ಟದಲ್ಲಿ, 8 ಸೆಂಟಿಮೀಟರ್ ದೂರದಲ್ಲಿ ಕಡಲೆಕಾಳಿನಷ್ಟು ದಪ್ಪದ ಚುಕ್ಕಿ ಇಡಿ. ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ ಕೂಡಿಸುವ ಗುರುತನ್ನೇ ನೋಡುತ್ತಾ ಹಾಳೆಯನ್ನು ನಿಧಾನವಾಗಿ ಹತ್ತಿರ ತನ್ನಿ. ಮುಖದಿಂದ ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಚುಕ್ಕಿ ಮಾಯ! ಇನ್ನೂ ಹತ್ತಿರ ತಂದರೆ ಮತ್ತೆ ಹಾಜರ್. ಚುಕ್ಕಿಯ ಕಡೆ ಕಳ್ಳನೋಟ ಹಾಕಿದರೆ ಮಾತ್ರ ಆಟ ಕೆಡುತ್ತದೆ.

ಕಣ್ಣಿನ ಹಿಂಭಾಗದ ಪರದೆಯಿಂದ ಸುಮಾರು 10 ಲಕ್ಷ ನರದ ಎಳೆಗಳು ಒಂದೇ ಕಡೆ ಒಟ್ಟಾಗಿ ಮಿದುಳಿಗೆ ಹೊರಡುತ್ತವೆ. ಆ ಜಾಗದಲ್ಲಿ ಬೆಳಕನ್ನು ಹಿಡಿಯುವ ಕೋಶಗಳೇ ಇಲ್ಲ. 1660ರ ದಶಕದಲ್ಲಿ ಇದನ್ನು ಕಂಡುಹಿಡಿದವರು ಫ್ರಾನ್ಸಿನ ಎಡ್ಮ್ ಮರಿಯೊಟ್. ನನಗೆ ಅಚ್ಚರಿಯಾದದ್ದು ಚುಕ್ಕಿ ಹೋದದ್ದಕ್ಕಲ್ಲ, ಅದಿದ್ದಲ್ಲಿ ತೂತು ಕಾಣದೆ ಹಾಳೆಯ ಗೆರೆಗಳೇ ಮುಂದುವರಿದದ್ದಕ್ಕೆ. ಸುತ್ತ ಏನಿದೆಯೋ ಅದನ್ನೇ ಮಿದುಳು ಅಲ್ಲಿಗೂ ಬಳಿದುಬಿಡುತ್ತದೆ.

ಬ್ಯಾಂಕಿನಲ್ಲಿ 852 ಎಂಬಲ್ಲಿ 825 ಬರೆದು, ಸಂಜೆ ಲೆಕ್ಕ ತಾಳೆಯಾಗದೆ ಕೂತವರಲ್ಲಿ ನಾನೂ ಒಬ್ಬ. (ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ಅದಲುಬದಲಾಗಿರಬಹುದು ಎಂದು ನಮ್ಮ ಗುಟ್ಟು. ಇಲ್ಲಿ 27, ಭಾಗಿಸಿ ನೋಡಿ.) ಬರೆದವನು ಹತ್ತು ಸಲ ಓದಿದರೂ 852 ಎಂದೇ ಓದುತ್ತಾನೆ. ಪಕ್ಕದ ಮೇಜಿನವರು ಒಂದೇ ಸಲಕ್ಕೆ ಹಿಡಿಯುತ್ತಾರೆ. ತಲೆಯೊಳಗಿನ ಗುಮಾಸ್ತನೂ ಹೀಗೆಯೇ. ಇರಬೇಕಾದದ್ದು ಇದೆ ಎಂದು ಟಿಕ್ ಹಾಕಿ ಮುಂದಕ್ಕೆ ಹೋಗುತ್ತಾನೆ.

ಇದೆಲ್ಲ ಈಗ ಯಾಕೆಂದರೆ, ಹೋದ ತಿಂಗಳು ಕನ್ನಡಕ ಬದಲಿಸಲು ಹೋದಾಗ ವೈದ್ಯರು ನನ್ನನ್ನು ಒಂದು ಯಂತ್ರದ ಮುಂದೆ ಕೂರಿಸಿದರು. ಒಂದು ಕಣ್ಣು ಮುಚ್ಚಿ, ನಡುವೆ ದೃಷ್ಟಿಯಿಟ್ಟು, ಬೆಳಕು ಮಿನುಗಿದಾಗಲೆಲ್ಲ ಗುಂಡಿ ಒತ್ತಬೇಕು. ಎಡಗಣ್ಣಿನ ಸರದಿಯಲ್ಲಿ ಎಷ್ಟೋ ಹೊತ್ತು ಬೆಳಕೇ ಬರಲಿಲ್ಲ. ಯಂತ್ರ ಕೆಟ್ಟಿರಬೇಕು ಅಂದೆ. "ಬೆಳಕು ಬರ್ತಾನೇ ಇತ್ತು, ನಿಮಗೆ ಕಾಣಲಿಲ್ಲ" ಎಂದರು. ಗ್ಲಾಕೋಮಾ. ಕಣ್ಣಿನ ನರ ಸದ್ದಿಲ್ಲದೆ ಸವೆಯುವ ಕಾಯಿಲೆ. ನೋವಿಲ್ಲ, ಉರಿಯಿಲ್ಲ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ಮುಚ್ಚಿಹಾಕಿದರೆ, ಉಳಿದದ್ದನ್ನು ಗುಮಾಸ್ತ ಮುಚ್ಚಿಹಾಕುತ್ತಾನೆ.

"ಆ ಜಾಗ ಕಪ್ಪಾಗಿ ಕಾಣುತ್ತಾ ಅಜ್ಜಾ?" ಎಂದು ಮೊಮ್ಮಗಳು ಕೇಳಿದಳು. ಬಲಗಣ್ಣು ಮುಚ್ಚಿ ಕ್ಯಾಲೆಂಡರ್ ನೋಡಿದೆ. ಕಪ್ಪು ಎಲ್ಲೂ ಇಲ್ಲ, ಗೋಡೆ ಗೋಡೆಯ ಹಾಗೇ ಇದೆ. ಅವಳು ಕೆಂಪು ಪೆನ್ಸಿಲನ್ನು ಗೋಡೆಯ ಮೇಲೆ ಆಡಿಸಿದಳು. ಕ್ಯಾಲೆಂಡರಿನ ಮೇಲೆ, ಬಲಕ್ಕೆ ಬಂದಾಗ ಪೆನ್ಸಿಲ್ ಇಲ್ಲ. "ಇಲ್ಲೇ ಇದೆಯಲ್ಲ!" ಅಂದಳು, ನಗುವುದನ್ನು ನಿಲ್ಲಿಸಿ.

ಹೋದ ನೋಟ ಮರಳುವುದಿಲ್ಲ. ಉಳಿದದ್ದನ್ನು ಕಾಯಲು ರಾತ್ರಿ ಮಲಗುವ ಮೊದಲು ಒಂದು ಹನಿ ಔಷಧಿ. ಹನಿ ಹಾಕುವ ಕೆಲಸ ಈಗ ಅವಳದೇ.

ಒಡಹುಟ್ಟಿದವರಿಗೂ ಬರುವ ಸಂಭವ ಹೆಚ್ಚಂತೆ. ಊರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿ, ಪರೀಕ್ಷೆ ಮಾಡಿಸಿಕೋ ಅಂದೆ.

"ನನಗೆಲ್ಲಾ ಚೆನ್ನಾಗೇ ಕಾಣುತ್ತೆ" ಅಂದ.

"ನನಗೂ ಹಾಗೇ ಕಾಣ್ತಿತ್ತು ಕಣೋ" ಅಂದೆ.