ಬಿಲ್ಲೆಯ ಮೂಲೆ

ಯುದ್ಧವನ್ನು ಹಲಗೆಯ ಮೇಲೆ ಆಡುವುದು ನಮ್ಮ ನಾಡಿಗೆ ಹೊಸತಲ್ಲ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆಯೇ ಚದುರಂಗಕ್ಕೆ ಹೆಸರು ಕೊಟ್ಟಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಹಲಗೆಯಾಟ, ಗಂಜೀಫಾಗಳಲ್ಲಿ ತೋರಿದ ಆಸಕ್ತಿಯನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ಹೊಸತಾಗಿ ಬಂದದ್ದು ರಟ್ಟಿನ ಬಿಲ್ಲೆಗಳ ಯುದ್ಧದಾಟ. ೧೯೫೪ರಲ್ಲಿ ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ ಎಂಬುವರು ‘ಟ್ಯಾಕ್ಟಿಕ್ಸ್’ ಎಂಬ ಆಟವನ್ನು ಹೊರತಂದ ಮೇಲೆ ಇದು ವ್ಯಾಪಕವಾಯಿತು. ಇದರಲ್ಲಿ ಒಂದು ಪಡೆಗೆ ಒಂದು ಚೌಕ ಬಿಲ್ಲೆ. ಅದರ ಮೇಲೆ ಪಡೆಯ ಗುರುತು, ಬಲದ ಅಂಕಿ, ನಡೆಯ ಅಂಕಿ.

ಈ ಬಿಲ್ಲೆಗಳ ಮೂಲೆಗಳನ್ನು ಕತ್ತರಿಸಬೇಕೆ, ಬೇಡವೆ? ಕತ್ತರಿಸುವುದಾದರೆ ಯಾವ ಸಾಧನದಿಂದ? ಇದೂ ಒಂದು ಪ್ರಶ್ನೆಯೇ ಎಂದು ನಗುವವರು ಸ್ವಲ್ಪ ತಾಳಬೇಕು.

ಮೊದಲು ಕಾರಣವನ್ನು ನೋಡೋಣ. ಅಚ್ಚಾದ ರಟ್ಟಿನ ಹಾಳೆಯನ್ನು ಉಕ್ಕಿನ ಅಲಗುಗಳ ಅಚ್ಚಿನಿಂದ ಒತ್ತಿ ಕತ್ತರಿಸುತ್ತಾರೆ. ಬಿಲ್ಲೆಗಳು ಪೆಟ್ಟಿಗೆಯಲ್ಲಿ ಚೆಲ್ಲಾಪಿಲ್ಲಿಯಾಗದಿರಲೆಂದು ಮೂಲೆಗಳಲ್ಲಿ ಕೂದಲೆಳೆಯಷ್ಟು ರಟ್ಟನ್ನು ಕತ್ತರಿಸದೆ ಉಳಿಸುವುದುಂಟು. ನಾವು ಬಿಲ್ಲೆಯನ್ನು ಬಿಡಿಸಿದಾಗ ಆ ಭಾಗ ಹರಿಯುತ್ತದೆ, ನಾರು ಏಳುತ್ತದೆ. ಆಡುವಾಗ ಒಂದರ ಮೇಲೊಂದು ಪೇರಿಸಿದ ಬಿಲ್ಲೆಗಳ ನಾರು ಪಕ್ಕದ ಪಡೆಗೆ ತಗಲಿ, ಒಂದನ್ನು ಎತ್ತಹೋದರೆ ಮೂರು ಉರುಳುತ್ತವೆ. ಸೇನಾಪತಿಯ ತಪ್ಪಿಲ್ಲದೆ ಸೇನೆ ಸೋಲುವುದೆಂದರೆ ಇದೇ!

ಸಾಧನಗಳು ಹಲವು. ಕತ್ತರಿ ಎಲ್ಲರ ಮನೆಯಲ್ಲೂ ಇದೆ. ಆದರೆ ಅದು ಮೂಲೆಯನ್ನು ಓರೆಯಾಗಿ ಕೊಯ್ಯುತ್ತದೆಯೇ ಹೊರತು ದುಂಡಗೆ ಮಾಡದು. ಚೂಪಾದ ಚಾಕು ನಾರನ್ನು ಸವರಬಲ್ಲದು. ಕೈ ಜಾರಿದರೆ ಬೆರಳಿಗೂ ಬಲಿ. ಉಗುರು ಕತ್ತರಿ ಬಡವರ ಬಂಧು: ಅದರ ಅಲಗು ಬಾಗಿರುವುದರಿಂದ ಮೂಲೆಯೂ ತಕ್ಕಮಟ್ಟಿಗೆ ಬಾಗುತ್ತದೆ. ಆದರೆ ಎರಡು ನೂರು ಬಿಲ್ಲೆಗಳಿಗೆ ಎಂಟು ನೂರು ಮೂಲೆಗಳು. ಎಂಟು ನೂರನ್ನೂ ಒಂದೇ ಸಮ ಕತ್ತರಿಸುವ ಕೈ ಅಪರೂಪ. ಇದಕ್ಕೆಂದೇ ಮಾಡಿದ ಮೂಲೆ ಕತ್ತರಿಯಲ್ಲಿ ಲಂಬಕೋನದ ಒಂದು ತಡೆಯಿರುತ್ತದೆ. ಬಿಲ್ಲೆಯನ್ನು ಅದರೊಳಗೆ ಒತ್ತಿ ಹಿಡಿದು ಅದುಮಿದರೆ ಪ್ರತಿಸಲವೂ ಅದೇ ಬಾಗು. ಗುರುತಿನ ಚೀಟಿಗಳ ಮೂಲೆ ದುಂಡಗಿಡುವ ಅಂಗಡಿಗಳಲ್ಲಿ ಇದರ ಅಣ್ಣನನ್ನು ಕಾಣಬಹುದು. ತೆಳು ಕಾಗದಕ್ಕೆಂದು ಮಾಡಿದ್ದನ್ನು ದಪ್ಪ ರಟ್ಟಿಗೆ ಹಚ್ಚಿದರೆ ಮಾತ್ರ ಅಲಗು ಸಿಕ್ಕಿಕೊಂಡು ಬಿಲ್ಲೆ ನಜ್ಜುಗುಜ್ಜಾಗುತ್ತದೆ.

ಅಳತೆಯಲ್ಲೂ ವಿವೇಕ ಬೇಕು. ಹದಿಮೂರು ಮಿಲಿಮೀಟರ್ ಚೌಕದ ಬಿಲ್ಲೆಗೆ ೨ ಮಿಲಿಮೀಟರ್ ತ್ರಿಜ್ಯದ ಬಾಗು ಕೊಟ್ಟರೆ ನಾಲ್ಕೂ ಮೂಲೆ ಸೇರಿ ಹೋಗುವುದು ನೂರಕ್ಕೆ ೨ ಪಾಲು. ೫ ಮಿಲಿಮೀಟರ್ ತ್ರಿಜ್ಯವಾದರೆ ಹೆಚ್ಚುಕಡಮೆ ಎಂಟರಲ್ಲೊಂದು ಪಾಲು! ಮೂಲೆಯ ಜೊತೆಗೆ ಪಡೆಯ ಬಲದ ಅಂಕಿಯೂ ಹೋದರೆ ಚೆಲುವಿನಿಂದ ಏನು ಬಂತು?

ಮೂಲರೂಪವನ್ನು ಕೆಡಿಸಬಾರದೆಂಬ ವಾದವೂ ಉಂಟು. ಸಂಗ್ರಹಕ್ಕಾಗಿ ಕಾಪಾಡಿದ ಹಳೆಯ ಪೆಟ್ಟಿಗೆಯ ವಿಷಯದಲ್ಲಿ ಅದನ್ನು ಒಪ್ಪುತ್ತೇನೆ. ಆಡುವ ಬಿಲ್ಲೆ ಬಳಕೆಯ ವಸ್ತು. ಅದನ್ನು ಕೈಗೆ ಒಗ್ಗುವಂತೆ ಮಾಡಿಕೊಳ್ಳುವುದು ಕೆಡಿಸುವುದಲ್ಲ. ಗಂಜೀಫಾ ಎಲೆಗಳು ಸಾಮಾನ್ಯವಾಗಿ ದುಂಡಗಿರುವುದನ್ನು ನೋಡಿ: ಮೂಲೆಯೇ ಇಲ್ಲದ ಮೇಲೆ ಮೂಲೆ ಮುರಿಯುವುದೆಲ್ಲಿ?

ಬೊಮ್ಮಸಂದ್ರದ ವಿದ್ಯಾರ್ಥಿಗಳಾದ ನಾವು ಇಷ್ಟು ಸಣ್ಣ ಕೆಲಸದ ಬಗೆಗೆ ಯೋಚಿಸಲು ಇನ್ನೊಂದು ಕಾರಣವಿದೆ. ನಮ್ಮ ಸುತ್ತಣ ಕಾರ್ಖಾನೆಗಳಲ್ಲಿ ಯಂತ್ರ ಕತ್ತರಿಸಿದ ಲೋಹದ ಅಂಚಿನಲ್ಲೂ ಹೀಗೆಯೇ ಮುಳ್ಳು ಏಳುತ್ತದೆ. ಅದನ್ನು ‘ಬರ್’ ಎನ್ನುತ್ತಾರೆ. ಅರ ಹಿಡಿದು ಅದನ್ನು ತೆಗೆಯುವ ಕೆಲಸಗಾರನ ಹೆಸರು ಯಾವ ಯಂತ್ರದ ಮೇಲೂ ಇರುವುದಿಲ್ಲ. ಅವನು ಮರೆತರೆ ಜೋಡಿಸುವವನ ಕೈ ಕೊಯ್ಯುತ್ತದೆ, ಭಾಗಕ್ಕೆ ಭಾಗ ಕೂಡುವುದಿಲ್ಲ. ನಮ್ಮಲ್ಲಿ ಎಷ್ಟೋ ಮಂದಿಯ ಅಣ್ಣ, ಅಕ್ಕ, ತಂದೆಯರು ಅಂಥ ಕೆಲಸದ ಸಂಬಳದಿಂದಲೇ ನಮ್ಮನ್ನು ಓದಿಸುತ್ತಿದ್ದಾರೆ. ಕಲಾ ವಿಭಾಗದವರಿಗೆ ಕೈಗೆಲಸವೇಕೆ ಎಂದು ಮೂಗು ಮುರಿಯುವುದು ಅವರ ಶ್ರಮವನ್ನೇ ಹಳಿದಂತೆ.

ಆದುದರಿಂದ ನನ್ನ ಸಲಹೆ ಇಷ್ಟು. ನಮ್ಮ ಕ್ರೀಡಾ ಕೊಠಡಿಗೆ ದಪ್ಪ ರಟ್ಟನ್ನು ತಾಳುವ, ೨ ಮಿಲಿಮೀಟರ್ ಬಾಗಿನ ಒಂದು ಮೂಲೆ ಕತ್ತರಿ ಬರಲಿ. ೧೭೯೧ರ ಮಾರ್ಚಿ ೭ರಂದು ಕಾರ್ನ್‌ವಾಲಿಸನ ಸೇನೆ ಬೆಂಗಳೂರಿನ ಪೇಟೆಯನ್ನೂ ೨೧ರಂದು ಕೋಟೆಯನ್ನೂ ಹಿಡಿಯಿತೆಂದು ಪರೀಕ್ಷೆಗಾಗಿ ಉರುಹಚ್ಚುವ ನಾವು, ಆ ಎರಡು ವಾರಗಳನ್ನು ರಟ್ಟಿನ ಮೇಲೆ ಬಿಡಿಸಿ, ಬಿಲ್ಲೆಗಳನ್ನು ನಾವೇ ಕತ್ತರಿಸಿ ಆಡಿ ನೋಡೋಣ. ಪೇಟೆ ಬಿದ್ದ ಮೇಲೂ ಕೋಟೆ ಹೇಗೆ ನಿಂತಿತೆಂಬುದು ಆಗ ನಮಗೆ ತಿಳಿದೀತು. ಎಂಟು ನೂರನೆಯ ಮೂಲೆಯನ್ನೂ ಮೊದಲನೆಯದರಷ್ಟೇ ನಿಷ್ಠೆಯಿಂದ ಮುಗಿಸುವ ಅಭ್ಯಾಸವೂ ಬಂದೀತು. ಪದವಿಪತ್ರದಲ್ಲಿ ಅದಕ್ಕೆ ಅಂಕವಿಲ್ಲ, ಬದುಕಿನಲ್ಲಿ ಉಂಟು.

— ಅಂತಿಮ ಬಿ.ಎ. ವಿದ್ಯಾರ್ಥಿ